ತಾನಾಗಿ ಪಾಸಾದ ಪರೀಕ್ಷೆ

ಕೋಣೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರೆ ಮೊರೆನಿಕೆ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿಕೊಳ್ಳುತ್ತಿದ್ದಳು. ಒರೆಸಿ, ಹಾಕಿಕೊಂಡು, ಮತ್ತೆ ಪರದೆಯನ್ನು ನೋಡಿದಳು. ಈಗಲೂ ಹಸಿರೇ.

"ಆಂಟಿ, ಇಬೇಜಿ ಪಾಸಾಯ್ತು! ನೋಡಿದ್ರಾ? ಅವಳಿ ಟೆಸ್ಟು, ನಿಮ್ಮ ಇಬೇಜಿ, ಪಾಸಾಗ್ಬಿಟ್ಟಿದೆ!" ದೋತುನ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಭುಜ ಕುಣಿಸುತ್ತಿದ್ದ. ಬೆಳಿಗ್ಗೆಯಿಂದ ಕರೆಂಟ್ ಇರಲಿಲ್ಲ. ಹಿತ್ತಲಲ್ಲಿ ಜನರೇಟರ್ ಒದರುತ್ತಿದ್ದ ತಾಳಕ್ಕೇ ಅವನ ಕುಣಿತ ಸರಿಯಾಗಿ ಕೂತಿತ್ತು.

"ಯಾರು ರಿಪೇರಿ ಮಾಡಿದ್ದು?" ಎಂದು ಮೊರೆನಿಕೆ ಕೇಳಿದಳು.

ಚಪ್ಪಾಳೆ ನಿಂತಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಯಾರೋ ಮಾಡಿರ್ತಾರೆ ಬಿಡಿ ಆಂಟಿ. ಪಾಸಾಯ್ತಲ್ಲ, ಅದು ಮುಖ್ಯ."

"ಆ ಯಾರೋಗೆ ಒಂದು ಹೆಸರಿರ್ಬೇಕಲ್ಲಪ್ಪ," ಎಂದು ಮೊರೆನಿಕೆ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು.

ಇಬಾದಾನ್ ನಗರದ ಬೋಡಿಜಾ ಬಡಾವಣೆಯಲ್ಲಿ, ಕೆಳಗೆ ಅಮಲಾ ಮುದ್ದೆಯ ಊಟದಂಗಡಿ ಇರುವ ಕಟ್ಟಡದ ಮಹಡಿಯಲ್ಲಿ ಅವರ ಆಫೀಸು. ಹಸುಗೂಸುಗಳಿಗೆ ಯಾವ ಲಸಿಕೆ ಹಾಕಿದೆ, ಯಾವುದು ಬಾಕಿಯಿದೆ ಎಂದು ಆರೋಗ್ಯ ಕೇಂದ್ರದ ನರ್ಸುಗಳು ಫೋನಿನಲ್ಲೇ ಬರೆದಿಡುವ ಸಾಫ್ಟ್‌ವೇರನ್ನು ಅಲ್ಲಿ ಮಾಡುತ್ತಿದ್ದರು. ದಿನಾ ಬೆಳಗಿನ ಜಾವ ಯಂತ್ರ ತನ್ನಷ್ಟಕ್ಕೆ ತಾನು ಆ ಸಾಫ್ಟ್‌ವೇರನ್ನು ಪರೀಕ್ಷಿಸುತ್ತಿತ್ತು. ಇಲ್ಲದ ತಾಯಂದಿರನ್ನು, ಹುಟ್ಟದ ಮಕ್ಕಳನ್ನು ಸೃಷ್ಟಿಸಿ, ಅವರನ್ನು ಸಾಲಾಗಿ ಒಳಗೆ ಕಳಿಸಿ, ಲೆಕ್ಕ ಸರಿ ಬಂದರೆ ಹಸಿರು, ತಪ್ಪಿದರೆ ಕೆಂಪು ಬಣ್ಣ ತೋರಿಸುತ್ತಿತ್ತು. ಆಫೀಸಿಗೆ ಎಲ್ಲರಿಗಿಂತ ಮೊದಲು ಬಂದು ಆ ಕೆಂಪುಗಳನ್ನು ವಿಂಗಡಿಸುವುದು ಮೊರೆನಿಕೆಯ ಕೆಲಸ.

ಬೇರೆಯವರಾಗಿದ್ದರೆ ಕೆಂಪೆಂದರೆ ಕೆಂಪು ಎಂದು ಬಿಡುತ್ತಿದ್ದರು. ಅವಳು ಹಾಗಲ್ಲ. ಇವತ್ತು ಹೊಸದಾಗಿ ಮುರಿದದ್ದು ಒಂದು ಕಡೆ. ಕಾರಣ ಗೊತ್ತಿದ್ದು, ಯಾರೋ ಸರಿಪಡಿಸುತ್ತಿರುವುದು ಇನ್ನೊಂದು ಕಡೆ. ಸದ್ಯಕ್ಕೆ ಸರಿಪಡಿಸಲಾಗದು, ಇದು ಮುಗ್ಗರಿಸಿಯೇ ಮುಗ್ಗರಿಸುತ್ತದೆ ಎಂದು ಎಲ್ಲರೂ ತಿಳಿದು ಒಪ್ಪಿಕೊಂಡದ್ದು ಮೂರನೆಯ ಕಡೆ. ಅವುಗಳಿಗೆ ಬೂದು ಬಣ್ಣ. ಬೂದುಗಳನ್ನು ಬೇರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಮೊರೆನಿಕೆ ಮಾತ್ರ ದಿನಾ ಅವುಗಳನ್ನು ತೆರೆದು, ನಿನ್ನೆ ಮುಗ್ಗರಿಸಿದ ಜಾಗದಲ್ಲೇ ಇವತ್ತೂ ಮುಗ್ಗರಿಸಿದೆಯೇ ಎಂದು ನೋಡಿ ಮುಂದೆ ಹೋಗುತ್ತಿದ್ದಳು. ಬೂದಾಗಬೇಕಾದದ್ದು ಕಾರಣವಿಲ್ಲದೆ ಹಸಿರಾದರೆ ಅದನ್ನೂ ಕೆಂಪಿನ ಜೊತೆ ಸೇರಿಸುತ್ತಿದ್ದಳು. ಆಫೀಸಿನಲ್ಲಿ ಅವಳಿಗೆ ಕಸ್ಟಮ್ಸ್ ಎಂದು ಹೆಸರಿಟ್ಟಿದ್ದರು. ಅದು ಅವಳಿಗೂ ಗೊತ್ತಿತ್ತು. ಒಮ್ಮೆ ಯಾರೋ ಮೇಜಿನ ಮೇಲೆ ಬಿಟ್ಟುಹೋಗಿದ್ದ ಬ್ರೆಡ್ಡಿಗೆ 'ತಪಾಸಣೆ ಆಗಿದೆ' ಎಂದು ಚೀಟಿ ಅಂಟಿಸಿ, ಒಂದು ತುಂಡು ತಿಂದು ಇಟ್ಟಿದ್ದಳು.

ಇಬೇಜಿ, ಅಂದರೆ ಅವಳಿ ಟೆಸ್ಟನ್ನು ಅವಳೇ, ಕೆಲಸಕ್ಕೆ ಸೇರಿದ ಹೊಸದರಲ್ಲಿ ಬರೆದದ್ದು. ಅಸಾಕೆ ಎಂಬ ತಾಯಿ, ಒಂದೇ ದಿನ ಹುಟ್ಟಿದ ಅವಳ ಎರಡು ಹೆಣ್ಣುಮಕ್ಕಳು. ಮಗುವಿಗೆ ಹೆಸರಿಡುವುದು ಎಂಟನೆಯ ದಿನ, ಮೊದಲ ಲಸಿಕೆ ಅದಕ್ಕೂ ಮುಂಚೆ. ಹಾಗಾಗಿ ಇಬ್ಬರ ಹೆಸರೂ 'ಅಸಾಕೆಯ ಮಗು' ಎಂದೇ ದಾಖಲಾಗುತ್ತಿತ್ತು. ಒಂದೇ ಮಗುವನ್ನು ಎರಡು ಕೇಂದ್ರಗಳಲ್ಲಿ ಬರೆಸಿದರೆ ಅದನ್ನು ಗುರುತಿಸಿ ಒಂದು ಮಾಡುವ ಜಾಣತನ ಆ ಸಾಫ್ಟ್‌ವೇರಿಗೆ ಇತ್ತು. ಆ ಜಾಣತನವೇ ಇಲ್ಲಿ ಮುಳುವಾಗಿ, ಎರಡನೆಯ ಮಗುವನ್ನು ಮೊದಲನೆಯದೇ ಎಂದುಕೊಂಡು ಅಳಿಸಿಹಾಕುತ್ತಿತ್ತು. ಆ ಭಾಗ ಬೇರೆ ಕಡೆಯಿಂದ ತಂದ ಹಳೆಯ ಸರಕು, ಮುಟ್ಟಿದರೆ ಇನ್ನೆಲ್ಲೋ ಬಿರುಕು ಬಿಡುತ್ತಿತ್ತು. ಕೊನೆಗೆ ಟೆಸ್ಟಿಗೆ ಬೂದು ಬಣ್ಣ ಕೊಟ್ಟು, ನರ್ಸುಗಳ ಕೈಪಿಡಿಯಲ್ಲಿ ಒಂದು ಸಾಲು ಸೇರಿಸಿದರು: ಅವಳಿ ಮಕ್ಕಳಾದರೆ ತಾಯಿಯ ಹೆಸರಿನ ಪಕ್ಕದಲ್ಲಿ 'ಮೊದಲು ಬಂದದ್ದು', 'ಆಮೇಲೆ ಬಂದದ್ದು' ಎಂದು ಕೈಯಾರೆ ಸೇರಿಸಿ. ಟೆಸ್ಟ್ ಬೂದಾಗಿರುವವರೆಗೂ ಆ ಸಾಲು ಇರಬೇಕು. ಹಸಿರಾದ ದಿನ ತೆಗೆಯಬಹುದು.

ಚಪ್ಪಾಳೆಯ ಸದ್ದು ಕೇಳಿ ಪಕ್ಕದ ಕೋಣೆಯಿಂದ ಯಜಮಾನ ಬಂದ. ಕೆಹಿಂದೆ ಅಲಲಾದೆ, ಆಫೀಸಿನವರ ಬಾಯಲ್ಲಿ ಓಗಾ. ಎತ್ತರದ ಆಳು, ಹೂವಿನ ಅಂಗಿ, ತಲೆಯ ಮೇಲೆ ಒಂದು ಬದಿಗೆ ವಾಲಿಸಿದ ಟೋಪಿ.

"ಏನು, ಇಬೇಜಿ ಪಾಸಂತೆ? ಹಾಗಾದ್ರೆ ಕೈಪಿಡಿಯಿಂದ ಆ ದರಿದ್ರ ಸಾಲು ತೆಗ್ದು ಪ್ರೆಸ್ಸಿಗೆ ಕಳ್ಸಿ. ನಾಳಿದ್ದು ಇಗ್ಬೊ ಓರಾದಲ್ಲಿ ಉದ್ಘಾಟನೆ ಸಮಾರಂಭ. ಸರ್ಕಾರದ ದೊಡ್ಡ ಡಾಕ್ಟರಮ್ಮ ಬರ್ತಾರೆ. ಅವಳಿಗಳ ಊರಿಗೆ ಹೋಗಿ, ಅವಳಿಗಳನ್ನ ಮಾತ್ರ ನೀವೇ ಕೈಯಲ್ಲಿ ಬರ್ಕೊಳ್ಳಿ ಅನ್ನೋದು ಹೇಗಪ್ಪಾ ಅಂತ ನನಗೆ ನಿದ್ದೆ ಬಂದಿರ್ಲಿಲ್ಲ." ಆಮೇಲೆ ಮೊರೆನಿಕೆಯ ಮುಖ ನೋಡಿದ. "ಮೊರೆನಿಕೆ ಮೇಡಂ, ಫೇಲಾದಾಗ್ಲೂ ನಿಮ್ಮ ಮುಖ ಹೀಗೇ, ಪಾಸಾದಾಗ್ಲೂ ಹೀಗೇ. ನಿಮ್ಮ ಮದುವೆ ಫೋಟೋ ಒಂದ್ಸಲ ತನ್ನಿ, ಅದ್ರಲ್ಲಾದ್ರೂ ನಗ್ತಿದ್ದೀರಾ ನೋಡೋಣ."

"ಅದ್ರಲ್ಲಿ ಫೋಟೋದವ್ನು ಕ್ಯಾಮರಾ ಮುಚ್ಚಳ ತೆಗ್ದಿದಾನಾ ಇಲ್ವಾ ಅಂತ ನೋಡ್ತಿದ್ದೆ ಓಗಾ," ಎಂದಳು ಅವಳು. "ಕೈಪಿಡಿ ಈಗ್ಲೇ ಕಳ್ಸ್ಬೇಡಿ. ಇದನ್ನ ಯಾರೂ ರಿಪೇರಿ ಮಾಡಿಲ್ಲ. ಯಾರೂ ಮುಟ್ಟದೇ ಇರೋದು ತಾನಾಗಿ ಹೇಗೆ ನೆಟ್ಟಗಾಯ್ತು ಅಂತ ನನಗೆ ಗೊತ್ತಾಗ್ಬೇಕು."

"ಇಷ್ಟು ದಿನ ಫೇಲಾಗುತ್ತೆ ಅಂತ ಕೊರಗಿದ್ರಿ. ಈಗ ಪಾಸಾಯ್ತು ಅಂತ ಕೊರಗ್ತಿದ್ದೀರಿ!"

"ಹೂಂ. ಇದಕ್ಕೇ ಜಾಸ್ತಿ ಕೊರಗ್ತಿದ್ದೀನಿ."

ಓಗಾ ಟೋಪಿಯನ್ನು ಇನ್ನೊಂದು ಬದಿಗೆ ವಾಲಿಸಿದ. ಸಿಟ್ಟು ಬಂದಾಗ ಅವನು ಹಾಗೆ ಮಾಡುತ್ತಿದ್ದ. "ಊಟದ ಹೊತ್ತಿನವರೆಗೂ ಟೈಮು. ಆಮೇಲೆ ಪ್ರೆಸ್ಸಿನವ್ನು ನನ್ನ ಕೈಗೂ ಸಿಗಲ್ಲ."

ದೋತುನ್ ಅವಳ ಪಕ್ಕದಲ್ಲಿ ಕುಳಿತ. ಕಳೆದ ವಾರದಿಂದ ಈಚೆಗೆ ಸಾಫ್ಟ್‌ವೇರಿನಲ್ಲಿ ಯಾರು ಏನೇನು ಬದಲಿಸಿದ್ದಾರೆ ಎಂದು ಇಬ್ಬರೂ ಒಂದೊಂದಾಗಿ ತೆರೆದು ನೋಡಿದರು. ಮಕ್ಕಳನ್ನು ಹೋಲಿಸುವ ಆ ಹಳೆಯ ಭಾಗವನ್ನು ಯಾರೂ ಮುಟ್ಟಿರಲಿಲ್ಲ. ಕೆಳಗಿನಿಂದ ಅಮಲಾದ, ಎವೆಡು ಸಾರಿನ ವಾಸನೆ ಮೇಲೆ ಬರತೊಡಗಿತು. ದೋತುನ್ ತರಿಸಿಕೊಂಡಿದ್ದ ತಟ್ಟೆ ಮೇಜಿನ ಮೇಲೆ ಆರಿ ಗಟ್ಟಿಯಾಯಿತು.

"ಆಂಟಿ, ಹೊಟ್ಟೆ ಹಸಿದು ಸಾಯ್ತಿದ್ದೀನಿ. ಕೆಲವು ಸಲ ಹಾಗೇ ಸರಿಹೋಗುತ್ತೆ ಅಲ್ವಾ? ನಮ್ಮ ಮನೆ ಫ್ಯಾನು ಹಾಗೇ ಸರಿಹೋಯ್ತು."

"ನಿಮ್ಮ ಫ್ಯಾನಿನ ಕೆಳಗೆ ನಾನು ಮಲಗಲ್ಲ." ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಪಾಸಾಗೋದಕ್ಕೆ ಎರಡೇ ದಾರಿ ದೋತುನ್. ಉತ್ತರ ಸರಿಯಾಗಿರ್ಬೇಕು, ಇಲ್ಲಾ ಪ್ರಶ್ನೆ ಬದಲಾಗಿರ್ಬೇಕು. ಉತ್ತರ ಹೇಳೋನು ಹಳಬನೇ, ಅವನು ಬದಲಾಗಿಲ್ಲ. ಪ್ರಶ್ನೆ ನೋಡೋಣ ಬಾ."

ಟೆಸ್ಟ್ ತೆರೆದು, ಪಾಠ ಒಪ್ಪಿಸುವ ಚಿಕ್ಕ ಮಗುವಿನಂತೆ ಗಟ್ಟಿಯಾಗಿ ಓದತೊಡಗಿದಳು. "ತಾಯಿ ಅಸಾಕೆ. ಮಗು ಒಂದು, ಹೆಣ್ಣು. ತಾಯಿ ಅಸಾಕೆ. ಮಗು ಎರಡು..." ಅಲ್ಲಿಗೆ ನಿಲ್ಲಿಸಿದಳು. ಅವಳ ಬೆರಳು ಪರದೆಯ ಮೇಲೆ ನಿಂತೇ ಇತ್ತು.

"ಗಂಡು," ಎಂದು ದೋತುನ್ ಓದಿ ಮುಗಿಸಿದ.

"ನಾನು ಬರೆದಾಗ ಎರಡೂ ಹೆಣ್ಣೇ."

ದೋತುನನ ಮುಖದಿಂದ ನಗು ಮೆಲ್ಲಗೆ ಇಳಿಯಿತು. ಕಳೆದ ಶುಕ್ರವಾರ ಮಧ್ಯಾಹ್ನ ಅವನ ಕೈ ಖಾಲಿಯಿತ್ತು. ಟೆಸ್ಟುಗಳೊಳಗಿನ ಹುಸಿ ಮಕ್ಕಳೆಲ್ಲ ಒಬ್ಬೊಬ್ಬರು ಒಂದೊಂದು ರೀತಿ ಅಸ್ತವ್ಯಸ್ತವಾಗಿದ್ದಾರೆ ಎಂದು ಅವನೇ ಒಂದು ಸಣ್ಣ ಪ್ರೋಗ್ರಾಮ್ ಬರೆದು ಎಲ್ಲರನ್ನೂ ಹೊಸದಾಗಿ ಹುಟ್ಟಿಸಿದ್ದ. ಚೆಂದವಾಗಿರಲಿ ಎಂದು ಒಂದು ಹೆಣ್ಣು, ಒಂದು ಗಂಡು, ಒಂದು ಹೆಣ್ಣು, ಒಂದು ಗಂಡು.

"ಆಂಟಿ..." ಎಂದ. "ನಾನು."

ಮೊರೆನಿಕೆ ಅವನತ್ತ ತಿರುಗಿದಳು. ಅವನು ಬೈಗುಳಕ್ಕೆ ತಯಾರಾಗಿ ಕತ್ತು ಒಳಗೆಳೆದುಕೊಂಡಿದ್ದ.

"ಮೊದ್ಲು ಆ ಹುಡುಗನ್ನ ವಾಪಸ್ ಹುಡುಗಿ ಮಾಡು. ಟೆಸ್ಟ್ ಓಡ್ಸು. ನೋಡೋಣ."

ಅವನು ಮಾಡಿದ. ಯಂತ್ರ ಒಂದು ಕ್ಷಣ ಯೋಚಿಸಿ, ಎರಡನೆಯ ಮಗುವನ್ನು ನುಂಗಿ, ಹಳೆಯ ಜಾಗದಲ್ಲೇ ಹಳೆಯ ಹಾಗೆಯೇ ಮುಗ್ಗರಿಸಿತು.

"ಬಂದ್ಯಾ ಮಾರಾಯ್ತಿ?" ಎಂದು ಮೊರೆನಿಕೆ ಪರದೆಗೆ ಹೇಳಿದಳು. "ಎಲ್ಲಿಗೆ ಹೋಗಿದ್ದೆ ನೀನು?" ಆ ದಿನ ಅವಳು ನಕ್ಕದ್ದು ಅದೇ ಮೊದಲು. ಮುಂದಿನ ಹಲ್ಲುಗಳ ನಡುವೆ ಸಂದಿಯಿದ್ದ, ಇಡೀ ಮುಖ ತುಂಬುವ ನಗು. ಇಷ್ಟು ದಿನ ಪಕ್ಕದಲ್ಲೇ ಕೂತಿದ್ದರೂ ದೋತುನ್ ಅದನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

"ಓಗಾಗೆ ನನ್ನ ಹೆಸರು..."

"ಏನಾಯ್ತು ಅಂತ ಹೇಳ್ಲೇಬೇಕು. ಯಾರು ಅಂತ ಅವರಿಗ್ಯಾಕೆ?" ಅವಳು ಆಗಲೇ ಟೈಪ್ ಮಾಡುತ್ತಿದ್ದಳು. "ನೀನು ಗಂಡು ಒಂದು, ಹೆಣ್ಣು ಒಂದು ಹಾಕಿದ್ದು ಒಳ್ಳೇದೇ ಆಯ್ತು. ಅಂಥ ಅವಳಿ ಪಾಸಾಗುತ್ತೆ ಅಂತ ನಮಗೆ ಇದುವರೆಗೂ ಗೊತ್ತೇ ಇರ್ಲಿಲ್ಲ. ಅದೊಂದು ಬೇರೆ ಟೆಸ್ಟಾಗಿ ಇರ್ಲಿ, ಹಸಿರು. ಎರಡೂ ಹೆಣ್ಣು, ಬೂದು. ಎರಡೂ ಗಂಡು, ಅದನ್ನೂ ಬರಿ, ಅದೂ ಬೂದು. ಒಂದಿದ್ದದ್ದು ಮೂರಾಯ್ತು. ಈಗ ಊಟ ಮಾಡು, ಹಸಿದು ಸಾಯ್ತಿದ್ದೆ ಅಲ್ವಾ."

ಆದರೆ ಅವಳು ಎದ್ದು ಓಗಾನ ಕೋಣೆಗೆ ಹೊರಟಾಗ ಅವನು ತಟ್ಟೆಯನ್ನು ಬದಿಗೆ ಸರಿಸಿ ಎದ್ದ. ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತ.

ಓಗಾ ಪೂರ್ತಿ ಕೇಳಿಸಿಕೊಂಡ. ಕೇಳಿಸಿಕೊಂಡು, ಮೇಜಿನ ಮೇಲಿದ್ದ ಆಮಂತ್ರಣ ಪತ್ರಿಕೆಗಳ ಕಟ್ಟನ್ನು ಒಮ್ಮೆ ಎತ್ತಿ ಕುಕ್ಕಿದ. "ಅಂದ್ರೆ ನಾನು ಆ ಡಾಕ್ಟರಮ್ಮನ ಮುಂದೆ ನಿಂತ್ಕೊಂಡು, ನಮ್ಮ ಸಾಮಾನು ಇಗ್ಬೊ ಓರಾಗೇ ಲಾಯಕ್ಕಿಲ್ಲ ಅಂತ ಹೇಳ್ಬೇಕಾ? ಇಗ್ಬೊ ಓರಾ! ಅಲ್ಲಿ ಒಂಟಿಯಾಗಿ ಹುಟ್ಟಿದೋರನ್ನ ಜನ ತಿರುಗಿ ನೋಡ್ತಾರೆ!"

"ಲಾಯಕ್ಕಿದೆ ಓಗಾ. ಎಲ್ಲಿ ಎಡವುತ್ತೆ ಅಂತ ನರ್ಸಿಗೆ ಗೊತ್ತಿದ್ರೆ ಲಾಯಕ್ಕಿದೆ. ಆ ಸಾಲು ಕೈಪಿಡೀಲಿ ಇದ್ರೆ ಯಾವ ಮಗೂನೂ ತಪ್ಪಲ್ಲ."

"ಆ ಸಾಲು ಕಂಡ್ರೆ ಒಪ್ಪಂದ ತಪ್ಪುತ್ತೆ. ಇಡೀ ರಾಜ್ಯದ್ದು."

ಮೊರೆನಿಕೆ ಕುರ್ಚಿ ಎಳೆದುಕೊಂಡು ಕುಳಿತಳು.

"ಓಗಾ, ನೀವು ಎಲ್ಲರ ಹುಟ್ಟುಹಬ್ಬದಲ್ಲೂ ಒಂದು ಕಥೆ ಹೇಳ್ತೀರಲ್ಲ, ನಿಮ್ಮಮ್ಮ ಔಷಧಿ ಕುಡಿಸಿದ್ದು. ಅದೇನು, ಇನ್ನೊಂದ್ಸಲ ಹೇಳಿ."

"ಈಗಾ?" ಆದರೆ ಆ ಕಥೆ ಹೇಳು ಎಂದರೆ ಅವನಿಗೆ ತಡೆಯಲಾಗುತ್ತಿರಲಿಲ್ಲ. "ನಾನೂ ನನ್ನ ಅವಳಿ ತೈವೊನೂ ಇಷ್ಟಿಷ್ಟೇ ಇದ್ವಿ. ಇಬ್ರಿಗೂ ಮಲೇರಿಯಾ. ಕರೆಂಟಿಲ್ಲ, ಅಮ್ಮ ಲಾಂದ್ರದ ಬೆಳಕಲ್ಲಿ ಒಬ್ಬನಿಗೆ ಔಷಧಿ ಕುಡಿಸಿ ಚಾಪೆ ಮೇಲೆ ಬಿಟ್ಟು, ಇನ್ನೊಬ್ಬನ್ನ ಎತ್ಕೊಂಡ್ಲು. ಎತ್ಕೊಂಡಿದ್ದು ಮತ್ತೆ ತೈವೊನ್ನೇ! ಆ ಹೊಟ್ಟೆಬಾಕ ಬಾಯಿ ತೆಗ್ದು ಅದನ್ನೂ ಕುಡ್ದ. ರಾತ್ರಿಯೆಲ್ಲ ಅವನು ವಾಂತಿ, ನಾನು..." ಎಂದಿನಂತೆ ಅಲ್ಲಿ ನಗಬೇಕಿತ್ತು. ನಗು ಅರ್ಧಕ್ಕೆ ಬಂದು ನಿಂತಿತು. "ನನಗೆ ಜ್ವರ ಏರ್ತಾ ಹೋಯ್ತಂತೆ. ಅಮ್ಮ ನೋಡ್ತಾನೇ ಇದ್ಲಂತೆ. ಔಷಧಿ ಕೊಟ್ಟಿದ್ದೀನಲ್ಲ, ಇಳಿಯುತ್ತೆ ಅಂತ ಕಾಯ್ತಾ ಕೂತಿದ್ಲಂತೆ. ಮರ್ತಿದ್ರೆ ಜ್ಞಾಪಕ ಬರ್ತಿತ್ತೇನೋ. ಅವಳು ಮರ್ತಿರ್ಲಿಲ್ಲ. ಕೊಟ್ಟಾಗಿದೆ ಅಂತ ಅವಳಿಗೆ ಗೊತ್ತಿತ್ತು."

ಹೊರಗೆ ಯಾರೋ ಜನರೇಟರ್ ಆರಿಸಿದರು. ಫ್ಯಾನು ನಿಧಾನವಾಗುತ್ತ ನಿಂತಿತು.

"ಆಮೇಲೆ ಗುರುತಿಗೆ ಅಂತ ನನ್ನ ಸೊಂಟಕ್ಕೆ ನೀಲಿ ಮಣಿ ಕಟ್ಟಿದ್ಲು," ಎಂದು ಓಗಾ ಮೆಲ್ಲಗೆ ಹೇಳಿದ. ಟೋಪಿ ತೆಗೆದು ಮೇಜಿನ ಮೇಲಿಟ್ಟು, ಬೋಳಾಗುತ್ತಿದ್ದ ನೆತ್ತಿಯನ್ನು ಉಜ್ಜಿಕೊಂಡ. "ಸಾಲು ಇರ್ಲಿ ಮೇಡಂ. ದಪ್ಪ ಅಕ್ಷರದಲ್ಲಿ ಹಾಕ್ಸಿ. ಮೊದಲನೇ ಪುಟದಲ್ಲೇ ಇರ್ಲಿ."

"ಓಗಾ," ಎಂದು ಬಾಗಿಲಿನಿಂದ ದೋತುನ್ ಹೇಳಿದ. "ಆ ಗಂಡುಮಗು ನನ್ನಿಂದ ಆದದ್ದು."

ಓಗಾ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. "ಅಭಿನಂದನೆ. ನಿನ್ನ ಹೆಂಡ್ತಿಗೆ ವಿಷಯ ಗೊತ್ತಾ?"

ಎರಡು ದಿನದ ಮೇಲೆ ಇಗ್ಬೊ ಓರಾದ ಆರೋಗ್ಯ ಕೇಂದ್ರದ ಮುಂದೆ ನೀಲಿ ಬಿಳಿ ಶಾಮಿಯಾನ ಹಾಕಿದ್ದರು. ತಾಯಂದಿರು ಬೆನ್ನಿಗೊಂದು ಎದೆಗೊಂದು ಮಗು ಕಟ್ಟಿಕೊಂಡು ಲಸಿಕೆಯ ಹಾಡು ಹೇಳುತ್ತ ಚಪ್ಪಾಳೆ ತಟ್ಟುತ್ತಿದ್ದರು. ಓಗಾ ಗರಿಗರಿ ಬಿಳಿ ಅಗ್ಬಾಡ ನಿಲುವಂಗಿ ತೊಟ್ಟು ಬಂದಿದ್ದ. ಮಾತಿನಲ್ಲಿ ಅವನನ್ನು ಮೀರಿಸುವವರು ಇಬಾದಾನಿನಲ್ಲಿ ಕಡಿಮೆ. ಸಾಫ್ಟ್‌ವೇರು ಏನೇನು ಮಾಡುತ್ತದೆ ಎಂದು ಹೇಳಿದ, ಜನ ತಲೆದೂಗಿದರು. ಆಮೇಲೆ ನಿಲುವಂಗಿಯ ತೋಳನ್ನು ಹೆಗಲ ಮೇಲೆ ಮಡಚಿ ಹಾಕಿಕೊಂಡು, ಅದು ಏನನ್ನು ಮಾಡುವುದಿಲ್ಲ ಎಂದು ಹೇಳಿದ. ಇನ್ನೂ ಹೆಸರಿಡದ ಎರಡು ಹೆಣ್ಣುಕೂಸು ಒಟ್ಟಿಗೆ ಬಂದರೆ, ಎರಡು ಗಂಡುಕೂಸು ಒಟ್ಟಿಗೆ ಬಂದರೆ, ಇದಕ್ಕೆ ಒಂದೇ ಕಾಣುತ್ತದೆ. ಹಾಗಾಗಿ ನರ್ಸಮ್ಮ ಕೈಯಾರೆ ಬರೆಯಬೇಕು. ಬರೆದದ್ದನ್ನು ತಾಯಂದಿರು ಕೇಳಿ ತಿಳಿದುಕೊಳ್ಳಬೇಕು.

ತಾಯಂದಿರ ಸಾಲಿನಲ್ಲಿ ಗುಜುಗುಜು ಎದ್ದಿತು. "ಒಂದೇ ಅಂತೆ! ರಾತ್ರಿ ಬಂದು ಹಾಲು ಕುಡಿಸ್ಲಿ ಆ ಯಂತ್ರ, ಆಗ ಗೊತ್ತಾಗುತ್ತೆ ಒಂದೋ ಎರಡೋ ಅಂತ," ಎಂದು ಒಬ್ಬಳು ಗಟ್ಟಿಯಾಗಿಯೇ ಹೇಳಿದಳು. ಎಲ್ಲರೂ ನಕ್ಕರು.

ಡಾಕ್ಟರಮ್ಮ ನಗಲಿಲ್ಲ. "ಇದು ನಿಮಗೆ ಮುಂಚೇನೇ ಗೊತ್ತಿತ್ತಾ?"

"ಗೊತ್ತಿತ್ತು ಮೇಡಂ. ದಿನಾ ಬೆಳಿಗ್ಗೆ ನೋಡ್ತೀವಿ."

"ಯಾರು ನೋಡೋದು?"

ಓಗಾ ಶಾಮಿಯಾನದ ಅಂಚಿನ ಕಡೆ ಕೈ ತೋರಿಸಿದ. ಮೊರೆನಿಕೆ ಅಲ್ಲಿ, ಬಿಸಿಲು ನೆರಳಿನ ನಡುವೆ ನಿಂತಿದ್ದಳು. ಎಲ್ಲರೂ ತಿರುಗಿದಾಗ ಅವಳು ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಕನ್ನಡಕ ಸರಿಮಾಡಿಕೊಂಡಳು. ಡಾಕ್ಟರಮ್ಮ ಅವಳನ್ನು ಬಹಳ ಹೊತ್ತು ನೋಡಿದರು.

"ಇಲ್ಲಿ ಶುರು ಮಾಡಿ," ಎಂದರು ಕೊನೆಗೆ. "ಬೇರೆ ಊರುಗಳ ಮಾತು ಅದು ಸರಿಯಾದ ಮೇಲೆ."

ಆ ಮಾತು ಬರಲು ಮಳೆಗಾಲ ಕಳೆದು ಹಾರ್ಮಟಾನಿನ ಧೂಳುಗಾಳಿ ಬೀಸಬೇಕಾಯಿತು. ಅಷ್ಟರಲ್ಲಿ ಬೇರೊಂದು ಕಂಪನಿ ಒಳ್ಳೊಳ್ಳೆಯ ಊರುಗಳನ್ನು ಹಿಡಿದಾಗಿತ್ತು. ಓಗಾ ಅದಕ್ಕಾಗಿ ಯಾರನ್ನೂ ಒಂದು ಮಾತು ಅನ್ನಲಿಲ್ಲ. ಆ ಹಳೆಯ ಸರಕನ್ನು ಬಿಚ್ಚಿ, ಬಿರುಕು ಬಿಟ್ಟಲ್ಲೆಲ್ಲ ಹೊಲಿದು, ಮೂರು ಟೆಸ್ಟನ್ನೂ ಹಸಿರು ಮಾಡಿದವನು ದೋತುನ್. ಮೊರೆನಿಕೆ ಅವನ ಕೆಲಸವನ್ನು ಮೂಲೆಮೂಲೆಯೂ ಜಾಲಾಡಿ, ಏನೂ ಸಿಗದೆ, ಎಲ್ಲರೆದುರು ಎದ್ದು ನಿಂತು ಅವನ ಕೈಕುಲುಕಿದಳು. ಕಸ್ಟಮ್ಸ್ ಮುದ್ರೆ ಬಿತ್ತು ಎಂದು ಆಫೀಸಿನವರು ಆ ದಿನ ಅವನಿಗೆ ಕೆಳಗಿನ ಅಂಗಡಿಯಲ್ಲಿ ಎರಡೆರಡು ಮೀನಿನ ತುಂಡು ಹಾಕಿಸಿ ಊಟ ಕೊಡಿಸಿದರು.

ಅದೆಲ್ಲ ಆಮೇಲಿನ ಮಾತು. ಸಮಾರಂಭದ ದಿನ, ದೊಡ್ಡವರ ಕಾರುಗಳು ಹೊರಟು ಶಾಮಿಯಾನದ ಹಗ್ಗ ಬಿಚ್ಚುತ್ತಿರುವಾಗ, ಕೇಂದ್ರದ ಒಳಗೆ ನಿಜವಾದ ಕೆಲಸ ಶುರುವಾಯಿತು. ಮೇಟ್ರನ್ ಹೊಸ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಅಕ್ಷರ ಹುಡುಕುತ್ತಿದ್ದಳು. ಮೊರೆನಿಕೆ ಅವಳ ಭುಜಕ್ಕೆ ಭುಜ ತಾಗಿಸಿ ಕುಳಿತಿದ್ದಳು.

"ಇಯಾ ಇಬೇಜಿ, ಅವಳಿಗಳ ತಾಯಿ, ಬಾರಮ್ಮ. ಮೊದ್ಲು ಬಂದದ್ದು ಯಾವ್ದು?" ಎಂದು ಮೇಟ್ರನ್ ಕರೆದಳು.

ಸಾಲಿನ ಮೊದಲಿಗೆ ನಿಂತಿದ್ದ ಬಾಣಂತಿ, ಇನ್ನೂ ಹೆಸರಿಲ್ಲದ ಎರಡು ಹೆಣ್ಣುಕೂಸುಗಳಲ್ಲಿ ಒಂದನ್ನು ಮುಂದೆ ಚಾಚಿ, ಇನ್ನೊಂದನ್ನು ಎಲ್ಲಿಡುವುದೆಂದು ಸುತ್ತ ನೋಡಿದಳು. ಬಾಗಿಲ ಹೊರಗೆ ಗೋಡೆಗೆ ಒರಗಿ ನಿಂತಿದ್ದ ದೋತುನ್ ಕಣ್ಣಿಗೆ ಬಿದ್ದ.

"ಏಯ್, ಆಫೀಸರೇ, ಇದನ್ನ ಸ್ವಲ್ಪ ಹಿಡ್ಕೊಳ್ಳಿ. ಇದು ಆಮೇಲೆ ಬಂದದ್ದು. ಇಲ್ಲೇ ನಿಂತಿರಿ, ಬೇರೆ ಯಾರ ಕೈಗೂ ಕೊಡ್ಬೇಡಿ."

ಅವನು ಎರಡೂ ಕೈ ಚಾಚಿ ತೆಗೆದುಕೊಂಡ. ಕೂಸು ನಿದ್ದೆಯಲ್ಲೇ ತುಟಿ ಚಪ್ಪರಿಸಿ ಮುಖವನ್ನು ಅವನ ಅಂಗಿಯ ಕಡೆ ಹೊರಳಿಸಿತು. ಒಳಗೆ ಇನ್ನೊಂದು ಕೂಸು ಸೂಜಿಗೆ ಚಿಟ್ಟನೆ ಚೀರಿತು. ಶಾಮಿಯಾನದ ಹುಡುಗರು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತ, ದಾರಿ ಬಿಡಿ ದಾರಿ ಬಿಡಿ ಎಂದು ಕೂಗುತ್ತ ಬಂದು ಅವನನ್ನು ಬಳಸಿಕೊಂಡು ಹೋದರು. ತೋಳು ಜೋಮು ಹಿಡಿಯುತ್ತಿತ್ತು. ಆದರೂ ದೋತುನ್ ಮಗುವನ್ನು ಎಡಗೈಯಿಂದ ಬಲಗೈಗೂ ಬದಲಾಯಿಸದೆ, ಕೊಟ್ಟ ಜಾಗದಲ್ಲೇ ನಿಂತಿದ್ದ.